ಹಳೇ ಟ್ರ್ಯಾಕ್ಟರಿನ ಸೆಲ್ಫ್ ಮೋಟಾರ್: ಕಟ್ಟಿಸಬೇಕೋ, ಎಕ್ಸ್‌ಚೇಂಜೋ, ಹೊಸದೋ?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಎಲ್ಲರಿಗೂ ಒಂದೇ ಸಲಕ್ಕೆ ಟ್ರ್ಯಾಕ್ಟರ್ ಬೇಕು. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿಕೊಂಡು ಗದ್ದೆಗೆ ಇಳಿಯಬೇಕಾದ ಬೆಳಿಗ್ಗೆಯೇ ಸೆಲ್ಫ್, ಅಂದರೆ ಎಂಜಿನ್ ಹತ್ತಿಸುವ ಸ್ಟಾರ್ಟರ್ ಮೋಟಾರ್, ಕೈಕೊಡುತ್ತದೆ. ಆಗ ಮಿಸ್ತ್ರಿ ಬಾಯಿಂದ ಬರುವುದು ಮೂರರಲ್ಲಿ ಒಂದು ಮಾತು: "ಕಾರ್ಬನ್ ಹಾಕಿ ಕೊಡ್ತೀನ್ರಿ", "ಎಕ್ಸ್‌ಚೇಂಜ್ ತಗೊಳ್ರಿ", "ಹೊಸದ ಹಾಕಿಸಿಬಿಡ್ರಿ". ಕಾರ್ಬನ್ ಎಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ, ಸವೆಯುವ ತುಂಡು; ಎಕ್ಸ್‌ಚೇಂಜ್ ಎಂದರೆ ಹಳೆಯದನ್ನು ಕೊಟ್ಟು ಕಟ್ಟಿಟ್ಟ ಬೇರೆ ಮೋಟಾರ್ ತರುವುದು; ಕಟ್ಟಿಸುವುದು ಎಂದರೆ ಬಿಚ್ಚಿ ಸವೆದ ಸಾಮಾನು ಬದಲಿಸುವುದು. ಮೂರೂ ಸರಿಯಾದ ಮಾತೇ, ಆದರೆ ಒಂದೊಂದು ಒಂದೊಂದು ರೋಗಕ್ಕೆ. ನಿಮ್ಮ ಗಾಡಿಗೆ ಯಾವುದು ಸರಿ ಅನ್ನುವುದು ಗಾಡಿಯ ವಯಸ್ಸಿನ ಮೇಲೆ ತೀರ್ಮಾನವಾಗುವುದಿಲ್ಲ. ಮೋಟಾರಿನ ಒಳಗಿನ ಆರ್ಮೇಚರ್ (ತಾಮ್ರ ಸುತ್ತಿದ, ತಿರುಗುವ ಭಾಗ) ಹೇಗಿದೆ, ಅದನ್ನು ಹಾಳು ಮಾಡಿದ್ದು ಏನು, ಈ ಎರಡರ ಮೇಲೆ ತೀರ್ಮಾನವಾಗುತ್ತದೆ.

ಇಲ್ಲಿ ಹೇಳುತ್ತಿರುವುದು 12 ವೋಲ್ಟ್ ಬ್ಯಾಟರಿಯ, 25ರಿಂದ 50 ಎಚ್‌ಪಿಯ ಹಳೇ ಗಾಡಿಗಳ ಬಗ್ಗೆ: ಮಹೀಂದ್ರ ಬಿ-275, 575, ಮ್ಯಾಸಿ 1035, ಸ್ವರಾಜ್ 735 ಮತ್ತು 855, ಫೋರ್ಡ್ 3600, ಎಚ್‌ಎಂಟಿ, ಐಷರ್. ಇವುಗಳಲ್ಲಿ ಹೆಚ್ಚಾಗಿ ಸಿಗುವುದು ಲೂಕಾಸ್ ಟಿವಿಎಸ್ ಅಥವಾ ಬಾಷ್ ಮೋಟಾರ್. ಮೈಕೊ ಎಂದು ಅಚ್ಚಾಗಿದ್ದರೆ ಅದೂ ಬಾಷ್‌ನದೇ, 2008ಕ್ಕೆ ಮುಂಚಿನ ಹೆಸರು.

ಬಿಚ್ಚುವ ಮುಂಚೆ ಅರ್ಧ ಗಂಟೆ

ಸೆಲ್ಫ್ ಹೋಗಿದೆ ಎಂದು ಬಿಚ್ಚಿ ತರುವ ಎಷ್ಟೋ ಮೋಟಾರುಗಳಿಗೆ ಏನೂ ಆಗಿರುವುದಿಲ್ಲ. ತಪ್ಪು ಬ್ಯಾಟರಿಯದ್ದು, ಅರ್ಥ್ ಪಟ್ಟಿಯದ್ದು (ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ಪಟ್ಟಿ), ಇಲ್ಲವೇ ಸುತ್ತಿಗೆಯಿಂದ ಬಡಿದು ಕೂರಿಸಿದ ಕೇಬಲ್ ಲಗ್ಗಿನದ್ದು (ಕೇಬಲ್ ತುದಿಯ ಲೋಹದ ಹಿಡಿ). ಆದ್ದರಿಂದ ಪಾನಾ ಹಿಡಿಯುವ ಮುಂಚೆ ಒಂದು ಸಾದಾ ಮಲ್ಟಿಮೀಟರ್ ಹಿಡಿಯಿರಿ.

ಮೊದಲು ಶಬ್ದ ಕೇಳಿ. ಕೀ ತಿರುಗಿಸಿದಾಗ "ಟಕ್" ಎಂದು ಒಂದೇ ಸಲ ಬಡಿದು ಸುಮ್ಮನಾದರೆ ಸಾಲಿನಾಯ್ಡ್ (ಮೋಟಾರಿಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್ಚು) ಎಳೆದಿದೆ, ಕರೆಂಟ್ ಮೋಟಾರಿಗೆ ದಾಟಿಲ್ಲ. ದಾಟಿದ್ದರೂ ಕಾರ್ಬನ್ ಹಿಡಿಯುತ್ತಿಲ್ಲ. "ಟಕಟಕಟಕ" ಎಂದು ಬಡಿದುಕೊಂಡರೆ ನೂರಕ್ಕೆ ನೂರು ಬ್ಯಾಟರಿ ಅನ್ನಬೇಡಿ, ಆದರೆ ಮೊದಲು ಬ್ಯಾಟರಿಯನ್ನೇ ನೋಡಿ. ಅದು ಸರಿ ಇದ್ದರೆ ಸಾಲಿನಾಯ್ಡಿನೊಳಗೆ ಹಿಡಿದು ನಿಲ್ಲಿಸುವ ಸುತ್ತು ಕಡಿದಿದೆ. ಮೋಟಾರ್ "ಗುಂಯ್" ಎಂದು ಜೋರಾಗಿ ಸುತ್ತಿ ಎಂಜಿನ್ ಅಲ್ಲಾಡದಿದ್ದರೆ ಬೆಂಡಿಕ್ಸ್ (ಪಿನಿಯನ್ ಎಂಬ ಹಲ್ಲಿನ ಗೇರಿನಿಂದ ಎಂಜಿನ್ ಫ್ಲೈವೀಲನ್ನು ತಿರುಗಿಸುವ ಭಾಗ) ಜಾರುತ್ತಿದೆ. "ಕರ್ರ್" ಎಂದು ಅರೆದರೆ ಬೆಂಡಿಕ್ಸಿನ ಹಲ್ಲು ಅಥವಾ ಫ್ಲೈವೀಲ್ ಸುತ್ತಿನ ಹಲ್ಲಿನ ರಿಂಗು. ಎಂಜಿನ್ ಹತ್ತಿದ ಮೇಲೂ ಕಿರುಚುತ್ತಲೇ ಇದ್ದರೆ ಪಿನಿಯನ್ ಹಿಂದೆ ಸರಿದಿಲ್ಲ. ತಕ್ಷಣ ಎಂಜಿನ್ ನಿಲ್ಲಿಸಿ ಬ್ಯಾಟರಿ ಕೇಬಲ್ ತೆಗೆಯಿರಿ, ಇಲ್ಲದಿದ್ದರೆ ಆರ್ಮೇಚರಿನ ಸುತ್ತುಗಳು ಸಿಡಿದು ಹೊರಗೆ ಬರುತ್ತವೆ.

ಈಗ ಮೀಟರ್. ಗೇರು ನ್ಯೂಟ್ರಲ್, ಚಕ್ರಕ್ಕೆ ಕಲ್ಲು, ಡೀಸೆಲ್ ಸ್ಟಾಪ್ ರಾಡ್ ಎಳೆದಿಡಿ. ಎಂಜಿನ್ ಹತ್ತಬಾರದು, ಬರೀ ಸುತ್ತಬೇಕು. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಹೈಡ್ರೋಮೀಟರ್ ಇದ್ದರೆ ಆರೂ ಸೆಲ್‌ಗಳನ್ನು ನೋಡಿ: ಒಂದು ಸೆಲ್‌ನ ಆಸಿಡ್ ಸಾಂದ್ರತೆ ಉಳಿದವುಗಳಿಗಿಂತ 0.050 ಕೆಳಗಿದ್ದರೆ ಆ ಬ್ಯಾಟರಿ ಮುಗಿಯಿತು, ಚಾರ್ಜ್ ಮಾಡಿಸಿ ಪ್ರಯೋಜನವಿಲ್ಲ. ನಂತರ ಸೆಲ್ಫ್ ಹೊಡೆಯುತ್ತಲೇ ಬ್ಯಾಟರಿಯ ಎರಡು ಕಂಬಗಳ ಮೇಲೆ ಅಳೆಯಿರಿ. 10 ವೋಲ್ಟಿಗಿಂತ ಕೆಳಗೆ ಇಳಿಯಬಾರದು.

ಅದಾದ ಮೇಲೆ ಮುಖ್ಯವಾದ ಎರಡು ಅಳತೆ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ ಕಂಬದ ಮೇಲೆ (ಲಗ್ಗಿನ ಮೇಲಲ್ಲ, ಸೀಸದ ಕಂಬದ ಮೇಲೆ), ಇನ್ನೊಂದು ಸಾಲಿನಾಯ್ಡಿನಿಂದ ಮೋಟಾರಿನೊಳಗೆ ಹೋಗುವ ದಪ್ಪ ತುದಿಯ ಮೇಲೆ. ಸೆಲ್ಫ್ ಹೊಡೆದಾಗ 0.5 ವೋಲ್ಟ್ ದಾಟಬಾರದು. ಹಾಗೆಯೇ ಮೈನಸ್ ಕಂಬದಿಂದ ಮೋಟಾರಿನ ಮೈಗೆ ಹಿಡಿದರೆ 0.3 ವೋಲ್ಟ್ ದಾಟಬಾರದು. ಇದು 1 ವೋಲ್ಟ್, 2 ವೋಲ್ಟ್ ಬಂದರೆ ರೋಗ ಮೋಟಾರಿನದಲ್ಲ. ಟ್ರ್ಯಾಕ್ಟರ್ ಸೆಲ್ಫ್ ಎಂಜಿನ್ ಸುತ್ತುವಾಗ ಸುಮಾರು 200ರಿಂದ 400 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟಿಗೆ ಕೂದಲೆಳೆಯಷ್ಟು ತುಕ್ಕು ಕೂಡ ಗೋಡೆಯಾಗುತ್ತದೆ. ಕಂಬ ಮತ್ತು ಲಗ್ಗನ್ನು ಅಡುಗೆ ಸೋಡ ಹಾಕಿದ ಬಿಸಿನೀರಿನಿಂದ ತೊಳೆದು, ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಕೇಬಲ್ ಒಳಗೆ ಹಸಿರಾಗಿದ್ದರೆ ಬದಲಿಸಿ: ತಾಮ್ರದ್ದೇ ಇರಲಿ, 35 ಚದರ ಮಿ.ಮೀ.ಗಿಂತ ಕಡಿಮೆ ಬೇಡ, ದೂರ ಹೆಚ್ಚಿದ್ದರೆ 50. ಲಗ್ಗನ್ನು ಕ್ರಿಂಪಿಂಗ್ ಯಂತ್ರದಲ್ಲಿ ಒತ್ತಿಸಿ.

ಕೀ ತಿರುಗಿಸಿದರೆ ಏನೂ ಆಗದು, ಹತ್ತು ಸಲ ತಿರುಗಿಸಿದರೆ ಒಂದು ಸಲ ಹೊಡೆಯುತ್ತದೆ ಅನ್ನುವ ಗಾಡಿಗಳಲ್ಲಿ ಕೀ ಸ್ವಿಚ್ಚಿನ ಪಾಯಿಂಟ್ ಸುಟ್ಟಿರುತ್ತದೆ. ಸಾಲಿನಾಯ್ಡ್ ಎಳೆಯುವ ಗಳಿಗೆಯಲ್ಲಿ 30 ಆಂಪಿಯರಿಗೂ ಹೆಚ್ಚು ಬೇಡುತ್ತದೆ, ಹಳೇ ಸ್ವಿಚ್ಚಿಗೆ ಅದು ಭಾರ. ನಡುವೆ ಒಂದು 12 ವೋಲ್ಟಿನ ಸ್ಟಾರ್ಟರ್ ರಿಲೇ ಕೂರಿಸಿದರೆ ಸಮಸ್ಯೆ ತೀರುತ್ತದೆ, ಮೋಟಾರ್ ಮುಟ್ಟಬೇಕಾಗಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸ್ಕ್ರೂಡ್ರೈವರಿನಿಂದ ಸಾಲಿನಾಯ್ಡಿನ ಎರಡು ತುದಿ ಮುಟ್ಟಿಸಿ ನೆಲದ ಮೇಲೆ ನಿಂತು ಸ್ಟಾರ್ಟ್ ಮಾಡುವುದು ನಮ್ಮಲ್ಲಿ ಊರೂರಿಗೂ ಇರುವ ಅಭ್ಯಾಸ. ಹೀಗೆ ಮಾಡಿದರೆ ನ್ಯೂಟ್ರಲ್ ಸ್ವಿಚ್ಚು, ಕ್ಲಚ್ ಸ್ವಿಚ್ಚು ಯಾವುದೂ ಕಾಯುವುದಿಲ್ಲ. ಗೇರಿನಲ್ಲಿದ್ದ ಗಾಡಿ ಹಿಂದಿನ ದೊಡ್ಡ ಚಕ್ರದ ಮುಂದೆಯೇ ನಿಂತವರ ಮೇಲೆ ಹತ್ತುತ್ತದೆ, ತಪ್ಪಿಸಿಕೊಳ್ಳಲು ಒಂದು ಸೆಕೆಂಡೂ ಸಿಗುವುದಿಲ್ಲ. ಒಂದು ದಿನದ ಕೆಲಸ ನಿಂತರೆ ನಿಲ್ಲಲಿ, ಹೀಗೆ ಸ್ಟಾರ್ಟ್ ಮಾಡಬೇಡಿ.

ಬಿಚ್ಚಿದ ಮೇಲೆ ನೋಡಬೇಕಾದ್ದು

ಬ್ಯಾಟರಿ ಮೈನಸ್ ಮೊದಲು ತೆಗೆಯಿರಿ. ಹಳೇ ಮಾದರಿಯ ಮೋಟಾರ್ 10 ಕೆಜಿಗೂ ಮೇಲಿರುತ್ತದೆ, ಕೊನೆಯ ಬೋಲ್ಟ್ ಬಿಚ್ಚುವಾಗ ಕೆಳಗಿನಿಂದ ಒಬ್ಬರು ಹಿಡಿದಿರಲಿ. ಹಿಡಿಯದೆ ಬಿಟ್ಟರೆ ಮೂತಿಯ (ಪಿನಿಯನ್ ಇರುವ ಮುಂಭಾಗದ) ಎರಕ ಸೀಳುತ್ತದೆ.

ಬೆಂಚಿನ ಮೇಲೆ ಗಟ್ಟಿಯಾಗಿ ವೈಸ್‌ನಲ್ಲಿ ಹಿಡಿದು ಬ್ಯಾಟರಿ ಕೊಟ್ಟು ಐದು ಸೆಕೆಂಡ್ ಖಾಲಿ ಸುತ್ತಿಸಿ. ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಹಾಕಿ (ಮನೆ ಕರೆಂಟಿನ ಕ್ಲಾಂಪ್ ಮೀಟರ್ ಇಲ್ಲಿ ಏನೂ ತೋರಿಸದು). ಒಳ್ಳೆಯ ಮೋಟಾರ್ ಸುಮಾರು 70ರಿಂದ 100 ಆಂಪಿಯರಿನಲ್ಲಿ ಭರ್ರನೆ ಸುತ್ತುತ್ತದೆ. ಆಂಪಿಯರ್ ಹೆಚ್ಚು, ಸುತ್ತು ಕಡಿಮೆ ಎಂದರೆ ಒಳಗೆ ಉಜ್ಜುತ್ತಿದೆ ಅಥವಾ ಸುತ್ತುಗಳು ಶಾರ್ಟ್ ಆಗಿವೆ. ಆಂಪಿಯರೂ ಕಡಿಮೆ, ಸುತ್ತೂ ಕಡಿಮೆ ಎಂದರೆ ಕಾರ್ಬನ್ ಹಿಡಿಯುತ್ತಿಲ್ಲ. ಈ ಒಂದು ಪರೀಕ್ಷೆಯಲ್ಲೇ ಅರ್ಧ ತೀರ್ಮಾನ ಆಗಿಹೋಗುತ್ತದೆ.

ಬಿಚ್ಚಿದಾಗ ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಮೊದಲು ಕೈಗೆ ಸಿಗುವ ಸಾಕ್ಷಿ ಬುಷ್, ಅಂದರೆ ಶಾಫ್ಟ್ ತಿರುಗಲು ಆಸರೆಯಾದ ಲೋಹದ ಬಳೆ. ಮೂತಿಯ ಕಡೆ, ನಡುವಿನ ತಟ್ಟೆಯಲ್ಲಿ, ಹಿಂದಿನ ಮುಚ್ಚಳದಲ್ಲಿ ಹೀಗೆ ಮೂರು ಕಡೆ ಹಿತ್ತಾಳೆ ಬಣ್ಣದ ಬುಷ್ ಇರುತ್ತವೆ (ಕೆಲವು ಮಾದರಿಗಳಲ್ಲಿ ಎರಡೇ). ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಕುಲುಕಬಾರದು. ಕುಲುಕಿದರೆ ಆರ್ಮೇಚರ್ ಒಂದು ಪಕ್ಕಕ್ಕೆ ಎಳೆದು ಪೋಲ್ ಶೂಗಳಿಗೆ (ಬಾಡಿಯ ಒಳಗಿನ ಕಬ್ಬಿಣದ ತುಂಡುಗಳಿಗೆ) ಉಜ್ಜುತ್ತದೆ. ಕಬ್ಬಿಣದ ಮೇಲೆ ಹೊಳೆಯುವ ಗೀರು ಕಾಣುತ್ತದೆ. ಎರೆ ಮಣ್ಣಿನ ಕೆಸರು ಕುಡಿದ ಮೋಟಾರುಗಳಲ್ಲಿ ಮೂತಿಯ ಬುಷ್ಷೇ ಮೊದಲು ಹೋಗುತ್ತದೆ, ಏಕೆಂದರೆ ಕ್ಲಚ್ ಹೌಸಿಂಗಿನ ನೀರು ಮೊದಲು ತಲುಪುವುದು ಅಲ್ಲಿಗೆ.

ಮೇ ತಿಂಗಳಲ್ಲಿ ಬೆಳಿಗ್ಗೆ ಒಂದೇ ಏಟಿಗೆ ಹತ್ತುವ ಗಾಡಿ, ಟ್ರೇಲರ್ ಹೊಡೆದು ಬಂದು ಮಧ್ಯಾಹ್ನ ನಿಲ್ಲಿಸಿದ ಮೇಲೆ "ಹೂಂ" ಅನ್ನುವುದಿಲ್ಲ ಎಂಬ ದೂರು ರಾಯಚೂರು, ಸಿರುಗುಪ್ಪ ಕಡೆ ಸಾಮಾನ್ಯ. ಕಾರಣ ಇಷ್ಟೇ: ತಾಮ್ರ 60 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ತಡೆ ಹೆಚ್ಚುಕಡಿಮೆ ಕಾಲು ಭಾಗ ಏರುತ್ತದೆ. ಆರೋಗ್ಯವಾಗಿರುವ ಮೋಟಾರ್ ಅದನ್ನು ತಡೆದುಕೊಳ್ಳುತ್ತದೆ. ಬುಷ್ ಸವೆದು, ಸಾಲಿನಾಯ್ಡ್ ಪಾಯಿಂಟ್ ಸುಟ್ಟು ಮೊದಲೇ ಬಸವಳಿದಿದ್ದ ಮೋಟಾರ್ ತಡೆದುಕೊಳ್ಳುವುದಿಲ್ಲ. ಬಿಸಿಯಲ್ಲಿ ಮಾತ್ರ ಕೈಕೊಡುವ ಸೆಲ್ಫ್‌ಗೆ ಕಾರ್ಬನ್ ಮಾತ್ರ ಬದಲಿಸಿದರೆ ದುಡ್ಡು ದಂಡ.

ಆರ್ಮೇಚರಿನಲ್ಲಿ ನೋಡಬೇಕಾದ್ದು ಮೂರು. ಕಮ್ಯುಟೇಟರಿನ (ಕಾರ್ಬನ್ ಉಜ್ಜುವ ತಾಮ್ರದ ಪಟ್ಟಿಗಳ ಭಾಗ) ಅಕ್ಕಪಕ್ಕದ ಒಂದೆರಡು ಪಟ್ಟಿ ಮಾತ್ರ ಕಪ್ಪಾಗಿ ಸುಟ್ಟಿದ್ದರೆ ಆ ಸುತ್ತು ಕಡಿದಿದೆ. ಬಾಡಿಯ ಒಳಗೋಡೆಗೆ ಬೆಸುಗೆ ಸೀಸದ ಹನಿಗಳು ಸಿಡಿದು ಅಂಟಿದ್ದರೆ ಮೋಟಾರ್ ಒಮ್ಮೆ ವಿಪರೀತ ಕಾದಿದೆ. ಗ್ರೌಲರ್ (ಆರ್ಮೇಚರ್ ಪರೀಕ್ಷಿಸುವ ಯಂತ್ರ) ಮೇಲಿಟ್ಟು ಗರಗಸದ ಬ್ಲೇಡ್ ಹಿಡಿದಾಗ ಬ್ಲೇಡ್ ಗುಂಯ್‌ಗುಟ್ಟಿದರೆ ಸುತ್ತುಗಳು ಒಂದಕ್ಕೊಂದು ತಾಗಿವೆ. ಜೊತೆಗೆ ಕಮ್ಯುಟೇಟರಿಗೂ ಶಾಫ್ಟಿಗೂ ನಡುವೆ ಮೀಟರ್ ಇಟ್ಟರೆ ಸಂಪರ್ಕ ತೋರಿಸಬಾರದು. ಗ್ರೌಲರ್ ಇಲ್ಲದ ಅಂಗಡಿಯಲ್ಲಿ ಮೋಟಾರ್ ಕಟ್ಟಿಸಬೇಡಿ. ಇದರಲ್ಲಿ ರಾಜಿ ಇಲ್ಲ, ಏಕೆಂದರೆ ಆರ್ಮೇಚರ್ ಸರಿ ಇದೆಯೋ ಇಲ್ಲವೋ ಎಂದು ಹೇಳಲಾಗದವರು ಕಟ್ಟಿಸು ಅಥವಾ ಬಿಡು ಎಂದು ಹೇಗೆ ಹೇಳಿಯಾರು?

ಬರೀ ಕಾರ್ಬನ್ ಹಾಕಿಸುವುದು ಯಾವಾಗ ಸರಿ

ಬುಷ್ ಬಿಗಿಯಾಗಿದೆ, ಕಮ್ಯುಟೇಟರ್ ಚಾಕಲೇಟ್ ಬಣ್ಣಕ್ಕೆ ನುಣ್ಣಗಿದೆ, ಕಾರ್ಬನ್ ಮಾತ್ರ ಸವೆದಿದೆ, ಆಗ. ಲೂಕಾಸಿನ ಎಷ್ಟೋ ಹಳೇ ಮಾದರಿಗಳಲ್ಲಿ ಕಾರ್ಬನ್ 8 ಮಿ.ಮೀ. ಉಳಿದರೆ ಬದಲಿಸಬೇಕು. ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಸೆಲ್ಫಿನ ಕಾರ್ಬನ್‌ನಲ್ಲಿ ತಾಮ್ರದ ಪುಡಿ ಹೆಚ್ಚು ಬೆರೆತಿರುತ್ತದೆ, ಹೊಸದರ ಮುಖ ಕೆಂಪಗೆ ಹೊಳೆಯುತ್ತದೆ. ಇದ್ದಿಲಿನಂತೆ ಕಡುಕಪ್ಪಾಗಿರುವುದನ್ನು ಸೆಲ್ಫಿಗೆ ಕೊಟ್ಟರೆ ಬೇಡ ಅನ್ನಿ, ಅದು ಅಷ್ಟು ಕರೆಂಟ್ ಸಾಗಿಸದು.

ಬೆಸುಗೆಯಲ್ಲಿ ತಪ್ಪುವುದು ಬಹಳ. ಸೀಸ ಹೆಣೆದ ತಂತಿಯ ಮೇಲೆ ಏರಿದರೆ ತಂತಿ ಕಡ್ಡಿಯಂತೆ ಗಟ್ಟಿಯಾಗಿ, ಕಾರ್ಬನ್ ತನ್ನ ಮನೆಯಲ್ಲಿ ಜಾರದೆ ನಿಂತುಬಿಡುತ್ತದೆ; ಸ್ಪ್ರಿಂಗ್ ಒತ್ತಿದರೂ ಕಮ್ಯುಟೇಟರ್ ಮುಟ್ಟದು. ತಂತಿಯನ್ನು ಇಕ್ಕಳದಲ್ಲಿ ಹಿಡಿದು ಬೆಸೆದರೆ ಸೀಸ ಮೇಲೇರುವುದಿಲ್ಲ. ಫೀಲ್ಡ್ ಕಾಯಿಲ್ (ಬಾಡಿಯ ಒಳಗೋಡೆಗೆ ಕೂರಿಸಿದ ಸುತ್ತು) ಅಲ್ಯೂಮಿನಿಯಂ ಆಗಿದ್ದರೆ ಅದಕ್ಕೆ ಸೀಸ ಹಿಡಿಯುವುದೇ ಇಲ್ಲ. ಹಳೇ ಕಾರ್ಬನಿನ ತಂತಿಯ ತುಂಡನ್ನು ಉಳಿಸಿಕೊಂಡು ಅದಕ್ಕೆ ಹೊಸದನ್ನು ಸೇರಿಸಬೇಕು. ಹಾಕಿದ ಮೇಲೆ ಕಮ್ಯುಟೇಟರಿಗೆ ನುಣುಪು ಸ್ಯಾಂಡ್ ಪೇಪರ್ ಸುತ್ತಿ ತಿರುಗಿಸಿ ಕಾರ್ಬನಿನ ಮುಖ ಗುಂಡಗೆ ಕೂರಿಸಿ. ಎಮೆರಿ ಪೇಪರ್ ಬೇಡ; ಅದರ ಪುಡಿ ಪಟ್ಟಿಗಳ ನಡುವೆ ಸೇರಿ ಕರೆಂಟ್ ದಾಟಿಸುತ್ತದೆ.

ಪೂರ್ತಿ ಕಟ್ಟಿಸುವುದು

ಆರ್ಮೇಚರ್ ಗಟ್ಟಿಯಾಗಿದ್ದರೆ ನಮ್ಮ ಮೊದಲ ಸಲಹೆ ಇದೇ. ಹಳೇ ಲೂಕಾಸ್, ಮೈಕೊ ಮೋಟಾರುಗಳ ಎರಕ ದಪ್ಪ, ತಾಮ್ರ ದಂಡಿ. ಎಚ್‌ಎಂಟಿಯಂಥ ಗಾಡಿಗೆ ಇದು ಇನ್ನೂ ನಿಜ: ಆ ಟ್ರ್ಯಾಕ್ಟರ್ ಘಟಕವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು, ಸರಿಯಾಗಿ ಕೂರುವ ಹೊಸ ಮೋಟಾರಿಗೆ ಅಲೆಯುವುದಕ್ಕಿಂತ ಕೈಯಲ್ಲಿರುವುದನ್ನು ಕಟ್ಟಿಸುವುದು ಮೇಲು.

ಆದರೆ ಪೂರ್ತಿ ಎಂದರೆ ಪೂರ್ತಿ: ಎಲ್ಲ ಬುಷ್, ನಾಲ್ಕು ಕಾರ್ಬನ್, ಸ್ಪ್ರಿಂಗುಗಳು, ಸಾಲಿನಾಯ್ಡ್ ಪಾಯಿಂಟು ಅಥವಾ ಸಾಲಿನಾಯ್ಡೇ, ಬೆಂಡಿಕ್ಸ್. ಈ ಸಲ ಕಾರ್ಬನ್, ಮುಂದಿನ ಸಲ ಬುಷ್ ಎಂದು ಕಂತಿನಲ್ಲಿ ಮಾಡಿಸಿದರೆ ಪ್ರತಿ ಸಲವೂ ಬಿಚ್ಚುವ ಕೂಲಿ, ಪ್ರತಿ ಸಲವೂ ಒಂದು ದಿನ ಗಾಡಿ ನಿಲ್ಲುವುದು.

ಬುಷ್ಷಿನ ವಿಷಯದಲ್ಲಿ ಮಿಸ್ತ್ರಿಗಳು ಅವಸರ ಮಾಡುತ್ತಾರೆ. ಇವು ಪುಡಿ ಒತ್ತಿ ಮಾಡಿದ ಕಂಚಿನ ಬುಷ್, ಸ್ಪಂಜಿನಂತೆ ಎಣ್ಣೆ ಹೀರಿಕೊಂಡು ಜೀವನವಿಡೀ ಅದನ್ನೇ ಬಿಡುತ್ತವೆ. ಹಾಕುವ ಮುಂಚೆ 24 ಗಂಟೆ ಎಂಜಿನ್ ಆಯಿಲ್‌ನಲ್ಲಿ ಮುಳುಗಿಸಿಡಬೇಕು. ಅವಸರವಿದ್ದರೆ 100 ಡಿಗ್ರಿ ಬಿಸಿಯ ಆಯಿಲ್‌ನಲ್ಲಿ ಎರಡು ಗಂಟೆ ಇಟ್ಟು ಅದರಲ್ಲೇ ತಣ್ಣಗಾಗಲು ಬಿಡಬೇಕು. ಒಣ ಬುಷ್ ಹಾಕಿದರೆ ಒಂದು ಹಂಗಾಮಿಗೇ ಸವೆಯುತ್ತದೆ. ರೀಮರ್ ಹಾಕಿ ಕೊರೆದರೆ ಅದರ ರಂಧ್ರಗಳು ಮುಚ್ಚಿಹೋಗುತ್ತವೆ, ಆಮೇಲೆ ಎಣ್ಣೆ ಹೊರಗೆ ಬಾರದು. ಶಾಫ್ಟಿನಷ್ಟೇ ದಪ್ಪದ ನುಣುಪು ಕಡ್ಡಿಯ ಮೇಲೆ ಕೂರಿಸಿ ಒತ್ತಿದರೆ ಅಳತೆ ತಾನೇ ಸರಿಬರುತ್ತದೆ. ಲೇತ್‌ನಲ್ಲಿ ಸಾದಾ ಹಿತ್ತಾಳೆ ಕಡೆದು ಕೊಡುವವರೂ ಇದ್ದಾರೆ. ಬೇರೆ ದಾರಿಯೇ ಇಲ್ಲದ ಮಾದರಿಗೆ ಮಾತ್ರ ಒಪ್ಪಿ.

ಕಮ್ಯುಟೇಟರ್ ಗುಳಿ ಬಿದ್ದಿದ್ದರೆ ಲೇತ್‌ನಲ್ಲಿ ಸವರಿಸಬಹುದು, ಎಷ್ಟು ಕಡಿಮೆಯೋ ಅಷ್ಟು. ಪಟ್ಟಿಗಳ ನಡುವಿನ ಮೈಕಾವನ್ನು ಗರಗಸದಿಂದ ಕೆರೆಯುವ ವಿಷಯದಲ್ಲಿ ಎಲ್ಲ ಮೋಟಾರಿಗೂ ಒಂದೇ ನಿಯಮವಿಲ್ಲ: ಹಳೇ ಲೂಕಾಸ್ ಸೆಲ್ಫ್‌ಗಳಲ್ಲಿ ಕೆರೆಯಬಾರದು ಎಂದೇ ಕಂಪನಿ ಹೇಳುತ್ತದೆ, ಬಾಷ್‌ನ ಕೆಲವು ಮಾದರಿಗಳಲ್ಲಿ ಕೆರೆಯಬೇಕು. ಡೈನಮೋ ಮಾಡಿದ ಅಭ್ಯಾಸದಲ್ಲಿ ಎಲ್ಲವನ್ನೂ ಕೆರೆಯುವವರಿಗೆ ಇದನ್ನು ಮೊದಲೇ ಹೇಳಿಡಿ. ಆರ್ಮೇಚರಿನ ಕಬ್ಬಿಣದ ಮೈ ಪೋಲ್‌ಗೆ ತಾಗುತ್ತದೆಂದು ಅದನ್ನೇ ಲೇತ್‌ಗೆ ಹಾಕಿ ಸವರುವುದು ಮಾತ್ರ ಅನ್ಯಾಯ. ಗಾಳಿಯ ಅಂತರ ಹೆಚ್ಚಿ ಎಳೆತವೇ ಹೋಗುತ್ತದೆ. ಬುಷ್ ಬದಲಿಸಿದರೆ ತಾಗುವುದು ತಾನೇ ನಿಲ್ಲುತ್ತದೆ.

ಬೆಂಡಿಕ್ಸನ್ನು ಕೈಯಲ್ಲಿ ಹಿಡಿದು ಹಲ್ಲು ತಿರುಗಿಸಿ: ಒಂದು ಕಡೆ ಸಲೀಸು, ಇನ್ನೊಂದು ಕಡೆ ಗಟ್ಟಿ ಹಿಡಿತ. ಎರಡೂ ಕಡೆ ತಿರುಗಿದರೆ ಬಿಸಾಡಿ. ಪೆಟ್ರೋಲ್, ಡೀಸೆಲ್‌ನಲ್ಲಿ ಅದ್ದಿ ತೊಳೆಯಬೇಡಿ. ಒಳಗೆ ತುಂಬಿ ಮುಚ್ಚಿದ ಗ್ರೀಸ್ ಕರಗಿ ಹೋದರೆ ಮತ್ತೆ ತುಂಬಲು ದಾರಿಯಿಲ್ಲ. ಬಟ್ಟೆಯಲ್ಲಿ ಒರೆಸಿದರೆ ಸಾಕು. ಸಾಲಿನಾಯ್ಡ್ ಬಿಚ್ಚುವಂಥದ್ದಾದರೆ ಸುಟ್ಟ ತಾಮ್ರದ ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಹೊಸ ಮುಖ ಸಿಗುತ್ತದೆ.

ಆರ್ಮೇಚರ್ ಸುಟ್ಟಿದ್ದರೆ? ಪಂಪ್‌ಸೆಟ್ ಮೋಟಾರ್ ಸುತ್ತುವ ಅಂಗಡಿಗಳು ನಮ್ಮ ಕಡೆ ಬೇಕಾದಷ್ಟಿವೆ, ಕೈಚಳಕವೂ ಇದೆ. ಆದರೆ ಸೆಲ್ಫ್ ಆರ್ಮೇಚರಿನಲ್ಲಿ ಇರುವುದು ತೆಳು ತಂತಿಯಲ್ಲ, ದಪ್ಪ ತಾಮ್ರದ ಪಟ್ಟಿ. ಸಾವಿರಾರು ಸುತ್ತಿನ ವೇಗದಲ್ಲಿ ಅದು ಹೊರಗೆ ಸಿಡಿಯದಂತೆ ಕಟ್ಟುವುದು ಬೇರೆಯದೇ ಕೆಲಸ. ಅದನ್ನು ರೀವೈಂಡ್ ಮಾಡಿಸಬೇಡಿ. ಕಂಪನಿಯ ಹೊಸ ಆರ್ಮೇಚರ್ ಸಿಗುತ್ತದೆಯೇ ಕೇಳಿ, ಉಳಿದ ಸಾಮಾನಿನ ಜೊತೆ ಒಟ್ಟು ಲೆಕ್ಕ ಹಾಕಿ. ಹೊಸ ಮೋಟಾರಿನ ಬೆಲೆಯ ಅರ್ಧ ದಾಟಿದರೆ ಹೊಸದನ್ನೇ ತನ್ನಿ.

ಎಕ್ಸ್‌ಚೇಂಜ್

ಇದು ಸಮಯ ಕೊಳ್ಳುವ ದಾರಿ. ನಾಟಿಗೆ ಆಳು ಬಂದು ನಿಂತಿದ್ದಾರೆ, ಕಾಲುವೆ ನೀರಿನ ಸರದಿ ಮೀರುತ್ತದೆ ಎಂದಾಗ ಒಂದು ಗಂಟೆಯಲ್ಲಿ ಗಾಡಿ ಹೊರಡುತ್ತದೆ. ಕೊಡುವುದು ಮಾತ್ರ ನಿಮ್ಮ ಒಳ್ಳೆಯ ಎರಕದ ಹಳೇ ಮೋಟಾರ್, ಸಿಗುವುದು ಪೇಂಟ್ ಹೊಡೆದ ಯಾವುದೋ ಮೋಟಾರ್. ತೆಗೆದುಕೊಳ್ಳುವ ಮುಂಚೆ ಹಿಂದಿನ ಪಟ್ಟಿ ಅಥವಾ ಮುಚ್ಚಳ ತೆಗೆಸಿ ಕಾರ್ಬನ್ ಉದ್ದ ನೋಡಿ, ಶಾಫ್ಟ್ ಅಲ್ಲಾಡಿಸಿ, ಹಲ್ಲಿನ ತುದಿ ನೋಡಿ, ಬೆಂಚಿನ ಮೇಲೆ ಖಾಲಿ ಸುತ್ತಿಸಿ. ಎಷ್ಟು ತಿಂಗಳು ಜವಾಬ್ದಾರಿ ಎಂದು ಬಿಲ್ಲಿನಲ್ಲಿ ಬರೆಸಿ. ಇನ್ನೂ ಒಳ್ಳೆಯ ಉಪಾಯ: ಅದನ್ನು ಬಾಡಿಗೆಯಂತೆ ಹಾಕಿಕೊಂಡು, ನಿಮ್ಮ ಮೋಟಾರನ್ನು ಅಲ್ಲೇ ಕಟ್ಟಲು ಬಿಟ್ಟು, ವಾರದ ಮೇಲೆ ಮರಳಿ ಬದಲಿಸಿಕೊಳ್ಳುವ ಮಾತಾಡಿ. ಪರಿಚಯದ ಅಂಗಡಿಯವರು ಒಪ್ಪುತ್ತಾರೆ.

ಹೊಸದು, ಮತ್ತು ಹೊಸದರಂತೆ ಕಾಣುವುದು

ಹೊಸದು ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಗಾಡಿಯ ಹೆಸರು ಹೇಳಿದರೆ ಸಾಲದು, ಒಂದೇ ಮಾದರಿಗೆ ವರ್ಷದಿಂದ ವರ್ಷಕ್ಕೆ ಬೇರೆ ಮೋಟಾರ್ ಬಂದಿರುತ್ತದೆ. ಬಾಡಿಯ ಮೇಲೆ ಅಚ್ಚಾದ ಪಾರ್ಟ್ ನಂಬರ್, ಪಿನಿಯನ್ ಹಲ್ಲಿನ ಎಣಿಕೆ, ಹಲ್ಲಿನ ದಪ್ಪ, ತಿರುಗುವ ದಿಕ್ಕು, ಬೋಲ್ಟ್ ತೂತುಗಳ ಅಂತರ, ಮೂತಿಯ ಸುತ್ತಳತೆ, ಕಿಲೋವ್ಯಾಟ್ ಇಷ್ಟೂ ಹೊಂದಬೇಕು. ಹಲ್ಲು ಒಂದು ಹೆಚ್ಚುಕಡಿಮೆಯಾದರೂ ಮೊದಲ ದಿನ ಕೆಲಸ ಮಾಡುತ್ತದೆ, ಆರು ತಿಂಗಳಲ್ಲಿ ರಿಂಗನ್ನು ತಿಂದುಹಾಕುತ್ತದೆ.

ಅಗ್ಗದ ನಕಲಿಯ ನಿಜವಾದ ನಷ್ಟವೂ ಇದೇ. ಮೋಟಾರ್ ಹೋದರೆ ಮೋಟಾರ್ ದುಡ್ಡು ಹೋಯಿತು ಅಷ್ಟೇ. ಹದ ತಪ್ಪಿದ ಪಿನಿಯನ್ ರಿಂಗನ್ನು ಕೆಡಿಸಿದರೆ ಗಾಡಿಯನ್ನು ನಡುವೆ ಎರಡು ಭಾಗ ಮಾಡಿ ಕ್ಲಚ್ ಬಿಚ್ಚಬೇಕು. ನಕಲಿಗಳಲ್ಲಿ ತಾಮ್ರದ ಜಾಗದಲ್ಲಿ ಅಲ್ಯೂಮಿನಿಯಂ ಸುತ್ತಿರುತ್ತಾರೆ. ಅಲ್ಯೂಮಿನಿಯಂ ತಾಮ್ರದ ನೂರಕ್ಕೆ ಸುಮಾರು 60 ಭಾಗದಷ್ಟೇ ಕರೆಂಟ್ ಒಯ್ಯುತ್ತದೆ, ಅಷ್ಟೇ ಜಾಗದಲ್ಲಿ ಅದೇ ಶಕ್ತಿ ಬರುವುದಿಲ್ಲ. ಹಾಗೆಂದು ಅಲ್ಯೂಮಿನಿಯಂ ಫೀಲ್ಡ್ ಕಂಡ ಕೂಡಲೇ ನಕಲಿ ಅನ್ನಬೇಡಿ, ಒಳ್ಳೆಯ ಕಂಪನಿಗಳೂ ಕೆಲವು ಮಾದರಿಗೆ ದಪ್ಪ ಪಟ್ಟಿಯಲ್ಲಿ ಅದನ್ನೇ ಬಳಸಿವೆ. ತೂಕ ಹಾಕಿ ಹಳೆಯದರ ಜೊತೆ ಹೋಲಿಸುವುದು ಸುಲಭದ ಪರೀಕ್ಷೆ. ಬಿಲ್ ಕೊಡದ ಅಂಗಡಿಯಲ್ಲಿ ಡಬ್ಬಿಯ ಮೇಲಿನ ಹೆಸರನ್ನು ನಂಬಬೇಡಿ.

ಗೇರ್ ರಿಡಕ್ಷನ್ ಮೋಟಾರ್ ಇನ್ನೊಂದು ಆಯ್ಕೆ. ಸಣ್ಣ ಮೋಟಾರ್ ವೇಗವಾಗಿ ಸುತ್ತಿ, ಒಳಗಿನ ಗೇರು ಆ ವೇಗವನ್ನು ಇಳಿಸಿ ಬಲ ಹೆಚ್ಚಿಸುತ್ತದೆ. ಹಗುರ, ಕರೆಂಟ್ ಕಡಿಮೆ ಎಳೆಯುತ್ತದೆ, ಬ್ಯಾಟರಿ ಸ್ವಲ್ಪ ಸೋತಿದ್ದರೂ ಎಂಜಿನ್ ಚುರುಕಾಗಿ ತಿರುಗುತ್ತದೆ. ದಿನಕ್ಕೆ ಹತ್ತಾರು ಸಲ ನಿಲ್ಲಿಸಿ ಹೊರಡುವ, ರೈಸ್ ಮಿಲ್ಲಿಗೆ ಭತ್ತ ಹೊಡೆಯುವ 50 ಎಚ್‌ಪಿ ಗಾಡಿಗೆ ಒಪ್ಪುತ್ತದೆ. ಕೇಜ್ ವೀಲ್ ಹಾಕಿ ಕೆಸರಿನಲ್ಲೇ ದುಡಿಯುವ ಗಾಡಿಗೆ ನಾವು ಇದನ್ನು ಹೇಳುವುದಿಲ್ಲ: ಒಳಗಿನ ಗೇರು, ಬೇರಿಂಗಿಗೆ ನೀರು ಹೊಕ್ಕರೆ ಹಳ್ಳಿಯ ಅಂಗಡಿಯಲ್ಲಿ ರಿಪೇರಿ ಕಷ್ಟ. ಫೀಲ್ಡ್ ಕಾಯಿಲ್ ಬದಲು ಮ್ಯಾಗ್ನೆಟ್ ಇರುವ ಮಾದರಿಯನ್ನು ಸುತ್ತಿಗೆಯಿಂದ ತಟ್ಟಿದರೆ ಮ್ಯಾಗ್ನೆಟ್ ಒಡೆಯುತ್ತದೆ. ಇನ್ನೊಂದು ಸೂಕ್ಷ್ಮ: ಡೈನಮೋ ಕಾಲದ ಕೆಲವು ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ಅರ್ಥ್ ಆಗಿರುತ್ತದೆ. ಫೀಲ್ಡ್ ಕಾಯಿಲ್ ಇರುವ ಹಳೇ ಮೋಟಾರಿಗೆ ಪ್ಲಸ್ ಮೈನಸ್ ಅದಲುಬದಲಾದರೂ ತಿರುಗುವ ದಿಕ್ಕು ಬದಲಾಗದು. ಮ್ಯಾಗ್ನೆಟ್ ಮೋಟಾರ್ ಉಲ್ಟಾ ತಿರುಗುತ್ತದೆ. ಹಾಕುವ ಮುಂಚೆ ಬ್ಯಾಟರಿಯ ಯಾವ ಕಂಬ ಚಾಸಿಗೆ ಹೋಗಿದೆ ನೋಡಿ.

ರಿಂಗ್ ನೋಡದೆ ಯಾವುದನ್ನೂ ಹಾಕಬೇಡಿ

ಮೋಟಾರ್ ತೆಗೆದ ತೂತಿನಲ್ಲಿ ಟಾರ್ಚ್ ಹಾಕಿ, ಫ್ಯಾನ್ ಬೆಲ್ಟ್ ಅಥವಾ ಪುಲ್ಲಿ ಹಿಡಿದು ಎಂಜಿನ್ನನ್ನು ನಿಧಾನಕ್ಕೆ ತಿರುಗಿಸುತ್ತಾ ಇಡೀ ರಿಂಗ್ ನೋಡಿ. ಕಂಪ್ರೆಷನ್ ಏಟಿಗೆ ಎಂಜಿನ್ ಯಾವಾಗಲೂ ಕೆಲವೇ ಜಾಗಗಳಲ್ಲಿ ನಿಲ್ಲುತ್ತದೆ, ಹಾಗಾಗಿ ಹಲ್ಲು ಸವೆಯುವುದೂ ಅಲ್ಲೇ: 4 ಸಿಲಿಂಡರಿನಲ್ಲಿ ಎದುರುಬದುರು 2 ಕಡೆ, 3 ಸಿಲಿಂಡರಿನಲ್ಲಿ 3 ಕಡೆ. ಅಂಚು ಸ್ವಲ್ಪ ದುಂಡಾಗಿದ್ದರೆ ನಡೆಯುತ್ತದೆ. ಅರ್ಧ ಹಲ್ಲು ಹೋಗಿದ್ದರೆ ಹೊಸ ಬೆಂಡಿಕ್ಸನ್ನೂ ಅದು ತಿನ್ನುತ್ತದೆ. ಕ್ಲಚ್ ಪ್ಲೇಟ್ ಬದಲಿಸುವ ಕಾಲ ಹತ್ತಿರವಿದ್ದರೆ ಎರಡನ್ನೂ ಒಟ್ಟಿಗೆ ಮಾಡಿಸಿ, ಗಾಡಿ ಬಿಚ್ಚುವ ಕೂಲಿ ಒಂದೇ ಆಗುತ್ತದೆ.

ಅದೇ ಹೊತ್ತಿಗೆ ಕ್ಲಚ್ ಹೌಸಿಂಗಿನ ತಳದ ಸಣ್ಣ ತೂತನ್ನು ನೋಡಿ. ಹಲವು ಗಾಡಿಗಳಲ್ಲಿ ಅದರೊಳಗೆ ಒಂದು ಸ್ಪ್ಲಿಟ್ ಪಿನ್ ತೂಗಾಡುತ್ತಿರುತ್ತದೆ. ಅಲ್ಲಾಡುತ್ತಾ ತೂತು ಮುಚ್ಚದಂತೆ ಇಡುವುದೇ ಅದರ ಕೆಲಸ. ಎರೆ ಮಣ್ಣು ಒಣಗಿ ಸಿಮೆಂಟಿನಂತೆ ಮುಚ್ಚಿಬಿಟ್ಟರೆ ಒಳಗೆ ಸೇರಿದ ನೀರೂ ಎಣ್ಣೆಯೂ ಅಲ್ಲೇ ನಿಂತು, ಫ್ಲೈವೀಲ್ ಅದನ್ನು ಎರಚಿ ಬೆಂಡಿಕ್ಸಿಗೆ ಮೆತ್ತುತ್ತದೆ. ಸೆಲ್ಫ್ ಮೇಲೆ ಡೀಸೆಲ್ ಫಿಲ್ಟರ್ ಸೋರುತ್ತಿದ್ದರೆ ಅದನ್ನೂ ನಿಲ್ಲಿಸಿ, ಕಾರ್ಬನ್ ಪುಡಿಯೂ ಡೀಸೆಲ್ಲೂ ಸೇರಿ ಅಂಟಾಗುತ್ತದೆ. ಈ ಎರಡು ಕಾರಣ ಹಾಗೆಯೇ ಉಳಿದರೆ ಕಂಪನಿಯ ಹೊಸ ಮೋಟಾರೂ ಮುಂದಿನ ಬೇಸಿಗೆ ಬೆಳೆಗೆ ಅಂಗಡಿಗೆ ಹೋಗುತ್ತದೆ. ವಾಟರ್ ಸರ್ವಿಸ್ ಮಾಡಿಸುವಾಗ ಗನ್ನನ್ನು ನೇರವಾಗಿ ಸೆಲ್ಫ್ ಮೇಲೆ ಹಿಡಿಯಲು ಬಿಡಬೇಡಿ.

ಕೂರಿಸುವಾಗ

ಕಟ್ಟಿದ ಮೋಟಾರಿಗೆ ಅಂಗಡಿಯವರು ಮೂತಿಯ ಮುಖಕ್ಕೂ ಸೇರಿಸಿ ಪೇಂಟ್ ಹೊಡೆದಿರುತ್ತಾರೆ. ಮೋಟಾರಿಗೆ ಅರ್ಥ್ ಸಿಗುವುದೇ ಆ ಮುಖದಿಂದ. ಎರಡೂ ಕಡೆ ಲೋಹ ಹೊಳೆಯುವವರೆಗೆ ಕೆರೆಯಿರಿ. ಬೋಲ್ಟುಗಳನ್ನು ಸರದಿಯಂತೆ ಸಮನಾಗಿ ಬಿಗಿಯಿರಿ. ಒಂದು ಸಡಿಲವಿದ್ದರೂ ಮೋಟಾರ್ ಓರೆಯಾಗಿ ಹಲ್ಲು ಅರೆಯುತ್ತದೆ. ಸಾಲಿನಾಯ್ಡಿಗೆ ಕೇಬಲ್ ಬಿಗಿಯುವಾಗ ಒಳಗಿನ ನಟ್ಟನ್ನು ಇನ್ನೊಂದು ಪಾನಾದಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ತಾಮ್ರದ ಬೋಲ್ಟ್ ತಿರುಗಿ ಹೊಸ ಸಾಲಿನಾಯ್ಡ್ ಅಲ್ಲೇ ಒಡೆಯುತ್ತದೆ. ಕೊನೆಗೆ ಬ್ಯಾಟರಿ ಮೈನಸ್.

ಸ್ಟಾಪ್ ರಾಡ್ ಎಳೆದು ಐದು ಸೆಕೆಂಡ್ ಸುತ್ತಿಸಿ, ಮೊದಲು ಅಳೆದ ಮೂರೂ ಅಳತೆ ಮತ್ತೆ ತೆಗೆಯಿರಿ: ಬ್ಯಾಟರಿ 10 ವೋಲ್ಟ್ ಮೇಲೆ, ಪ್ಲಸ್ ದಾರಿ 0.5 ಒಳಗೆ, ಅರ್ಥ್ ದಾರಿ 0.3 ಒಳಗೆ. ಡೀಸೆಲ್ ಖಾಲಿಯಾಗಿ ಗಾಳಿ ಸೇರಿದಾಗ ಸೆಲ್ಫ್ ಹೊಡೆದೇ ಗಾಳಿ ತೆಗೆಯಲು ಹೋಗಬೇಡಿ. ಹ್ಯಾಂಡ್ ಪಂಪ್ ಒತ್ತಿ ಫಿಲ್ಟರಿನ ಬ್ಲೀಡ್ ಸ್ಕ್ರೂನಲ್ಲಿ ಗುಳ್ಳೆ ನಿಲ್ಲುವವರೆಗೆ ತೆಗೆದ ಮೇಲೆಯೇ ಕೀ ತಿರುಗಿಸಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದು ನಿಮಿಷವಾದರೂ ಆರಲು ಬಿಡಿ. ಮೂರು ಸಲಕ್ಕೆ ಹತ್ತದಿದ್ದರೆ ಹುಡುಕಬೇಕಾದ್ದು ಡೀಸೆಲ್ ಲೈನಿನಲ್ಲಿ, ಸೆಲ್ಫಿನಲ್ಲಲ್ಲ.